ನೆರೆಗೆ ಸಿಕ್ಕವರ ಫೋಟೊ ತೆಗೆದೆ, ಈಗ ಮನಸ್ಸಿಗೆ ಸಮಾಧಾನವಿಲ್ಲ. ನಿಮಗೂ ಹೀಗಾಗಿದೆಯಾ?

ಕೇಳಿದವರು, ಮೈಸೂರಿನಿಂದ:

ನಾನು ಹವ್ಯಾಸಕ್ಕೆ ಫೋಟೊ ತೆಗೆಯುವವನು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಅಮ್ಮನನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೋಗಿದ್ದೆ. ಅದೇ ವಾರ ಭೀಮಾ ನದಿ ತುಂಬಿ ಹರಿದಿತ್ತು. ಸಂಗಮದ ಕಡೆ ಹೋಗಲು ಆಗಲಿಲ್ಲ. ಗುಡಿಯಲ್ಲಿ ದರ್ಶನ ಮುಗಿಸಿ ಬಾಡಿಗೆ ಕಾರಿನಲ್ಲಿ ಕಲಬುರಗಿ ಕಡೆ ಹೊರಟೆವು.

ದಾರಿಯಲ್ಲಿ ಅಫಜಲಪುರ ತಾಲ್ಲೂಕಿನ ಒಂದು ಊರು. ನೀರು ಇಳಿದಿತ್ತು. ಜನ ಮನೆಯಲ್ಲಿದ್ದದ್ದನ್ನೆಲ್ಲ ತಂದು ಡಾಂಬರು ರಸ್ತೆಯ ಮೇಲೆ ಹರವಿದ್ದರು. ಕೌದಿ, ಶಾಲೆ ಚೀಲ, ಪುಸ್ತಕ, ಜೋಳ. ಒಬ್ಬ ಹೆಂಗಸು ನೆನೆದ ಜೋಳದ ಚೀಲ ಎಳೆಯುತ್ತಿದ್ದರು. ಹಿಂದೆ ಅವರ ಮನೆ. ಅರ್ಧ ಗೋಡೆ ಬಿದ್ದಿತ್ತು, ಉಳಿದ ಅರ್ಧದಲ್ಲಿ ಕ್ಯಾಲೆಂಡರ್ ನೇತಾಡುತ್ತಿತ್ತು. ಡ್ರೈವರ್‌ಗೆ ನಿಲ್ಲಿಸಲು ಹೇಳಿದೆ. ಗಾಜು ಇಳಿಸಿ ನಾಲ್ಕು ಫೋಟೊ ತೆಗೆದೆ. ನಾಲ್ಕನೆಯದಕ್ಕೆ ಆಕೆ ತಲೆಯೆತ್ತಿ ನನ್ನನ್ನೇ ನೋಡಿದರು. ನಾನು ಗಾಜು ಏರಿಸಿದೆ. ಹೊರಟುಬಿಟ್ಟೆವು.

ಆ ನಾಲ್ಕನೇ ಫೋಟೊಗೆ ನಮ್ಮ ಕ್ಯಾಮೆರಾ ಬಳಗದ ಪ್ರದರ್ಶನದಲ್ಲಿ ಎರಡನೇ ಬಹುಮಾನ ಬಂತು. 3,000 ರೂಪಾಯಿ. 'ಆ ಕಣ್ಣಲ್ಲಿ ಎಷ್ಟು ನೋವಿದೆ ನೋಡಿ' ಅಂತ ಎಲ್ಲರೂ ಹೊಗಳಿದರು. ಅವತ್ತಿನಿಂದ ನನಗೆ ಆ ಕಣ್ಣು ಬಿಡುತ್ತಿಲ್ಲ. ಅಳಿಸಿಬಿಡಲಾ? ದುಡ್ಡು ಕಳಿಸಲಾ? ಯಾರಿಗೆ ಅಂತ ಕಳಿಸಲಿ? ಆ ಕಡೆಯವರು ಹೇಳಿ. ಬೈದರೂ ಪರವಾಗಿಲ್ಲ.

ಕಲಬುರಗಿಯಿಂದ ಒಬ್ಬರು:

ನೀವು ಫೋಟೊ ತೆಗೆದಿದ್ದಕ್ಕೆ ಆ ಗೋಡೆ ಬಿದ್ದಿಲ್ಲ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಅಷ್ಟು ಕಾಡಿದರೆ ಅಳಿಸಿ, ಮಲಗಿ.

ಅಫಜಲಪುರ ತಾಲ್ಲೂಕಿನಿಂದ, ನದಿ ದಂಡೆಯ ಊರಿನವರು:

ಮೇಲಿನವರಿಗೆ ಸಲೀಸು. ಅವರ ಮನೆಗೆ ನೀರು ಬಂದಿಲ್ಲ ಅನ್ನಿಸುತ್ತದೆ. ನಮ್ಮದಕ್ಕೆ ಬಂದಿತ್ತು, 2020ರ ಅಕ್ಟೋಬರ್‌ನಲ್ಲಿ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ನೀರು ಬಿಟ್ಟರು, ಇಲ್ಲಿ ಸೊನ್ನ ಬ್ಯಾರೇಜಿನಿಂದ ಬಿಟ್ಟರು, ಮೇಲಿಂದ ಮಳೆ. ರಾತ್ರಿ ಗುಡಿ ಮೈಕಿನಲ್ಲಿ ಕೂಗಿದರು. ಎಮ್ಮೆ ಬಿಚ್ಚಿ, ಅವ್ವನನ್ನು ಟ್ರ್ಯಾಕ್ಟರ್ ಹತ್ತಿಸಿ ಹೊರಟೆವು. ಶಾಲೆಯಲ್ಲಿ ಕಾಳಜಿ ಕೇಂದ್ರ ಮಾಡಿದ್ದರು. ಮೂರು ದಿನ ಬಿಟ್ಟು ಬಂದು ನೋಡಿದರೆ ಮನೆಯೊಳಗೆ ಮೊಣಕಾಲುದ್ದ ರಾಡಿ. ಒಲೆಯೊಳಗೆ ಹಾವು. ನೆನೆದ ಜೋಳ ಮೂರು ದಿನಕ್ಕೆ ಮೊಳಕೆ ಒಡೆಯುತ್ತದೆ. ಆ ಹುಳಿ ವಾಸನೆ ಮೂಗಿನಿಂದ ಹೋಗಲು ಒಂದು ತಿಂಗಳು ಬೇಕು. ಟ್ರಂಕಿನಲ್ಲಿದ್ದ ರೇಷನ್ ಕಾರ್ಡು, ಪಾಸ್‌ಬುಕ್ಕು, ಅಕ್ಕನ ಮದುವೆ ಫೋಟೊ ಎಲ್ಲ ಅಂಟಿಕೊಂಡು ಒಂದೇ ಮುದ್ದೆಯಾಗಿತ್ತು.

ಆಗ ಕಾರುಗಳು ಬರತೊಡಗಿದವು. ಒಳ್ಳೆ ಜನವೇ. ಅಕ್ಕಿ, ಎಣ್ಣೆ, ಚಾದರ ತಂದಿದ್ದರು. ಬ್ಯಾನರ್ ಕಟ್ಟಿ ಸಾಲು ಹಚ್ಚಿಸಿದರು. ನಮ್ಮಪ್ಪನ ಪಾಳಿ ಬಂತು. ಅವರದು ನದಿ ದಂಡೆಗೆ ಒಂಬತ್ತು ಎಕರೆ. ಸುಗ್ಗಿಯಲ್ಲಿ ಕಣಕ್ಕೆ ಬಂದವರಿಗೆಲ್ಲ ಮೊರ ತುಂಬಿ ಜೋಳ ಹಾಕಿದ ಕೈ ಅದು. ಕೊಡುವವರು ಚೀಲದ ಒಂದು ತುದಿ ಹಿಡಿದಿದ್ದರು, ಅಪ್ಪ ಇನ್ನೊಂದು ತುದಿ. ಫೋಟೊ ಸರಿ ಬರುವ ತನಕ ಅವರು ತಮ್ಮ ತುದಿ ಬಿಡಲಿಲ್ಲ. ಒಂದು ಸಲ ಯಾರೋ ಕಣ್ಣು ಮುಚ್ಚಿದರು ಅಂತ ಮತ್ತೆ. ಅಪ್ಪ ಹೆಗಲ ಮೇಲಿನ ಟವೆಲ್ ಎಳೆದು ಬಾಯಿ, ಮೂಗು ಮುಚ್ಚಿಕೊಂಡರು. ಕೊರೊನಾ ಕಾಲ, ಎಲ್ಲರೂ ಮಾಸ್ಕ್ ಅಂದುಕೊಂಡರು. ನನಗೆ ಗೊತ್ತಿತ್ತು. ಆ ಫೋಟೊ ಸಂಜೆಯೊಳಗೆ ನಮ್ಮ ಬೀಗರ ಮೊಬೈಲಿಗೇ ಬಂತು. ಅಪ್ಪ ಆ ಮಾತು ಇವತ್ತಿಗೂ ಎತ್ತಿಲ್ಲ. ಆ ಅಕ್ಕಿಯ ಅನ್ನ ಮಾತ್ರ ಉಣ್ಣಲಿಲ್ಲ. ರೊಟ್ಟಿ ಸಿಗುವ ತನಕ ಶೇಂಗಾ ತಿಂದುಕೊಂಡಿದ್ದರು.

ಇನ್ನೊಂದು ಮಾತೂ ಹೇಳಬೇಕು. ಇಲ್ಲದಿದ್ದರೆ ಸುಳ್ಳಾಗುತ್ತದೆ. ಮನೆಗೆ ನೀರು ನುಗ್ಗಿದವರಿಗೆ ಆಗ ಸರ್ಕಾರ 10 ಸಾವಿರ ಕೊಡುತ್ತಿತ್ತು, ಮನೆ ಬಿದ್ದರೆ ಎಷ್ಟು ಬಿದ್ದಿದೆ ಅಂತ ನೋಡಿ ಎ, ಬಿ, ಸಿ ಅಂತ ಬರೆಯುತ್ತಿದ್ದರು. ಸರ್ವೆಗೆ ಬಂದಾಗ ನಾವು ರಾಡಿ ಬಳಿದು, ಗೋಡೆಗೆ ಬಲ್ಲಿ ಕೊಟ್ಟು ನಿಲ್ಲಿಸಿದ್ದೆವು. ಮತ್ತೇನು, ಅದರ ಕೆಳಗೇ ಮಲಗಬೇಕಲ್ಲ? ಬಂದವರು 'ಅಷ್ಟೇನೂ ಆಗಿಲ್ಲವಲ್ಲ' ಅಂದರು. ಆಗ ನೆನಪಾಗಿದ್ದು ಒಬ್ಬ ಕಾಲೇಜು ಹುಡುಗ. ನೀರು ಇಳಿದ ಮೊದಲ ದಿನವೇ ಬಂದಿದ್ದ. ಅವ್ವನನ್ನು 'ಆಯಿ, ತಗೊಳ್ಳಲಾ?' ಅಂತ ಕೇಳಿ ತೆಗೆದಿದ್ದ. ನನ್ನ ನಂಬರ್ ಬರೆದುಕೊಂಡು ಎಲ್ಲವನ್ನೂ ಕಳಿಸಿದ್ದ. ಅದರಲ್ಲಿ ಗೋಡೆಯ ಮೇಲೆ ನೀರಿನ ಗೆರೆ ಸಾಫ್ ಕಾಣುತ್ತಿತ್ತು, ಬಾಗಿಲ ಚೌಕಟ್ಟಿನ ಮುಕ್ಕಾಲಿಗೆ. ಅದನ್ನು ತೋರಿಸಿದ ಮೇಲೆ ಬರೆದುಕೊಂಡರು.

ಹಾಗಾಗಿ ಫೋಟೊ ಬೇಡ ಅಂತ ನಮ್ಮ ಕಡೆ ಯಾರೂ ಹೇಳುವುದಿಲ್ಲ. ತೆಗೆದದ್ದು ಯಾರ ಹತ್ತಿರ ಉಳಿಯಿತು ಅನ್ನುವುದೇ ಸಂಕಟ. ಆ ಹುಡುಗ ನಮಗೆ ಕೊಟ್ಟ, ಬ್ಯಾನರಿನವರು ತಮಗಾಗಿ ಒಯ್ದರು. ನೀವೂ ಒಯ್ದಿದ್ದೀರಿ. ತಂದುಕೊಡಿ. ಊರು ಯಾವುದು ಅಂತ ಗೊತ್ತಿಲ್ಲದಿದ್ದರೆ ಫೋಟೊ ನನಗೆ ಕಳಿಸಿ. ಹಿಂದೆ ಗುಡಿಯೋ ನೀರಿನ ಟಾಕಿಯೋ ಕಂಡರೆ ಸಾಕು, ಹೇಳುತ್ತೇನೆ.

ಆಳಂದದಿಂದ:

ಗಂಭೀರ ಮಾತಿನ ನಡುವೆ ಒಂದು ಸಣ್ಣ ಕತೆ. ಗಾಣಗಾಪುರದಲ್ಲಿ ಮಧ್ಯಾಹ್ನ ದತ್ತ ಮಹಾರಾಜರು ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾರೆ ಅಂತ ನಂಬಿಕೆ. ಅದಕ್ಕೆ ಭಕ್ತರೂ ಐದು ಮನೆ ಮಧುಕರಿ ಬೇಡುತ್ತಾರೆ. ಕಾರಿನಲ್ಲಿ ಬಂದವರೂ ಜೋಳಿಗೆ ಹಿಡಿಯುತ್ತಾರೆ. ನಮ್ಮ ದೊಡ್ಡಪ್ಪ ನಿವೃತ್ತ ಹೆಡ್‌ಮಾಸ್ತರು. ಬರಿಮೈ, ಹಳೇ ಪಂಚೆ, ಎರಡು ದಿನದ ಗಡ್ಡ. ಅವರು ಒಂದು ಬಾಗಿಲಲ್ಲಿ ಕೈಯೊಡ್ಡಿ ನಿಂತಾಗ ಯಾರೋ ಪ್ರವಾಸಿ ಫೋಟೊ ತೆಗೆದಿದ್ದಾನೆ. ಕಪ್ಪು-ಬಿಳುಪು ಮಾಡಿ ಕೆಳಗೆ 'ಹಸಿವು' ಅಂತ ಬರೆದಿದ್ದಾನೆ. ಅದು ಸುತ್ತಿ ಸುತ್ತಿ ನಮ್ಮ ಮನೆಗೆ ಬಂತು. ಮೊದಲ ಎರಡು ಮನೆಯಲ್ಲೇ ಹೊಟ್ಟೆ ಬಿರಿಯುವಷ್ಟು ಹಾಕಿದ್ದರಂತೆ. ಪಿಂಚಣಿ ಆಫೀಸಿಗೆ ಈ ಫೋಟೊ ಕಳಿಸಿದರೆ ಡಿಎ ಏರಿಸ್ತಾರಾ ಅಂತ ದೊಡ್ಡಪ್ಪ ಈಗಲೂ ಕೇಳುತ್ತಾರೆ.

ಬೀದರ್ ಜಿಲ್ಲೆಯಿಂದ, ಹೆಸರು ಬೇಡ:

ಗಾಣಗಾಪುರದ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಗುವ ಕತೆಯ ಕೆಳಗೆ ಇದು ಬರುತ್ತಿರುವುದಕ್ಕೆ ಬೇಸರವಿಲ್ಲ. ನಾನೂ ನಕ್ಕೆ.

ನನ್ನ ತಂಗಿಗೆ ಹತ್ತೊಂಬತ್ತನೇ ವಯಸ್ಸಿನಲ್ಲಿ ಮನಸ್ಸಿನ ಕಾಯಿಲೆ ಶುರುವಾಯಿತು. ನಿದ್ದೆ ಇಲ್ಲ, ಒಬ್ಬಳೇ ಮಾತು. ಮನೆಯವರು ಗಾಳಿ ಅಂದರು. ಗಾಣಗಾಪುರಕ್ಕೆ ಒಯ್ದರು. ನೀವು ನೋಡಿದ್ದರೆ ಗೊತ್ತು, ಮಧ್ಯಾಹ್ನದ ಮಂಗಳಾರತಿ ಹೊತ್ತಿಗೆ ಅಲ್ಲಿ ಹೇಗಿರುತ್ತದೆ ಅಂತ. ಗಂಟೆ, ನಗಾರಿ ಶುರುವಾದ ಕೂಡಲೇ ಕೆಲವರು ಕೂಗುತ್ತಾರೆ, ಉರುಳುತ್ತಾರೆ, ಕಂಬ, ಕಬ್ಬಿಣದ ಜಾಲರಿ ಹತ್ತುತ್ತಾರೆ, ದೇವರ ಜೊತೆ ಜಗಳ ಆಡುತ್ತಾರೆ. ತಂಗಿಯೂ ಹತ್ತಿದಳು. ಅವ್ವ ಕೆಳಗೆ ನಿಂತು ಅವಳ ಕಾಲು ಹಿಡಿದಿದ್ದಳು. ಸುತ್ತ ನೋಡಿದರೆ ಏಳೆಂಟು ಮೊಬೈಲು ಮೇಲಕ್ಕೆ.

ಹತ್ತು ದಿನದಲ್ಲಿ ಆ ವಿಡಿಯೊ ನಮ್ಮ ಗಲ್ಲಿಗೆ ಬಂತು. ಹಿಂದೆ ಹೆದರಿಸುವ ಸಂಗೀತ ಬೇರೆ ಹಾಕಿದ್ದರು. ಹುಡುಗರು ಅವಳ ದನಿ ಅಣಕಿಸಿ ಕೂಗುತ್ತಿದ್ದರು.

ಆಮೇಲೆ ಅವಳನ್ನು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿದೆವು. ಮಾತ್ರೆ ಹಿಡಿಯಿತು. ಒಂದೂವರೆ ವರ್ಷಕ್ಕೆ ಹೊಲಿಗೆ ಕಲಿತಳು. ಒಂದು ದಿನ ಯಾರದೋ ಮೊಬೈಲಿನಲ್ಲಿ ಆ ವಿಡಿಯೊ ನೋಡಿಬಿಟ್ಟಳು. ನಾವು ಗಾಬರಿಯಾದೆವು. ಅವಳು ಅಳಲಿಲ್ಲ. 'ಅವ್ವಾ, ಇಷ್ಟು ಮಂದಿ ಹೆಣ್ಮಕ್ಕಳು ಇದ್ರಲ್ಲ, ನನ್ನ ಕೂದಲಾ ಒಬ್ಬರೂ ಕಟ್ಟಲಿಲ್ಲೇನ?' ಅಂದಳು. ಅಷ್ಟೇ.

2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವವರ ಫೋಟೊವನ್ನು ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಗುಡಿ ಆಸ್ಪತ್ರೆ ಅಲ್ಲವಲ್ಲ, ಅಲ್ಲಿ ಯಾರು ತಡೆಯುತ್ತಾರೆ? ಅಂಥದ್ದು ಕಣ್ಣಿಗೆ ಬಿದ್ದರೆ ಮೊಬೈಲು ಜೇಬಿನಲ್ಲೇ ಇರಲಿ. ಅವರ ಜೊತೆ ಬಂದವರು ಮಾತಿಗೆ ಸಿಕ್ಕರೆ 14416 ನಂಬರ್ ಹೇಳಿ. ಟೆಲಿ ಮನಸ್, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಗುಡಿಗೆ ಹೋಗಬೇಡಿ ಅಂತ ಹೇಳಬೇಡಿ, ಜಗಳವಾಗುತ್ತದೆ. ಗುಡಿಗೂ ಹೋಗಿ, ಇಲ್ಲಿಗೂ ಒಂದು ಫೋನ್ ಮಾಡಿ ಅನ್ನಿ.

ಮೈಸೂರಿನವರೇ, ನಿಮ್ಮ ಫೋಟೊ ಅಷ್ಟು ಕೆಟ್ಟದ್ದಲ್ಲ. ನೀವು ಕೇಳುತ್ತಿದ್ದೀರಿ. ಆ ಏಳೆಂಟು ಜನರಲ್ಲಿ ಒಬ್ಬರೂ ಇವತ್ತಿಗೂ ಕೇಳಿಲ್ಲ.

ಬೀದರಿನಿಂದ, ಹಿಂದೆ ಸ್ಟುಡಿಯೊ ಇಟ್ಟಿದ್ದವರು:

ಚೌಬಾರದ ಹತ್ತಿರ ಮೂವತ್ತೆರಡು ವರ್ಷ ಅಂಗಡಿ ನಡೆಸಿದೆ. ಮದುವೆ, ಪಾಸ್‌ಪೋರ್ಟ್ ಸೈಜು ಎಲ್ಲ ಇತ್ತು. ಹೆಣದ ಫೋಟೊ ಎಷ್ಟು ತೆಗೆದಿದ್ದೇನೋ ಲೆಕ್ಕವಿಲ್ಲ. ಈಗಿನವರಿಗೆ ಕೇಳಲು ಒಂಥರಾ ಆಗಬಹುದು.

ನಮ್ಮ ಕಡೆ ಲಿಂಗಾಯತರ ಮನೆಯಲ್ಲಿ ತೀರಿಕೊಂಡವರನ್ನು ಕೂರಿಸುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಹೂವು, ಬೀಳದ ಹಾಗೆ ಗೋಡೆಗೆ ಆನಿಸಿ ಬಟ್ಟೆ ಕಟ್ಟಿರುತ್ತಾರೆ. ಬೆಳಗಿನ ಜಾವ ಯಾರೋ ಸೈಕಲ್ ಮೇಲೆ ಬಂದು ಅಂಗಡಿ ಬಾಗಿಲು ಬಡಿಯುವರು. ಮತದಾರರ ಗುರುತಿನ ಚೀಟಿ ಶುರುವಾಗಿದ್ದೇ 1993ರಲ್ಲಿ. ಅದಕ್ಕೆ ಮುಂಚೆ ಹಳ್ಳಿಯ ಎಷ್ಟೋ ಮುದುಕರು ಒಂದು ಫೋಟೊ ಸಹ ತೆಗೆಸಿಕೊಂಡವರಲ್ಲ. ಬದುಕಿದ್ದಾಗ ಇಲ್ಲದ ಫೋಟೊ ಸತ್ತ ಮೇಲೆ ಆಗಬೇಕು. ಮನೆಯವರಿಗೆ ಮುಖ ಉಳಿಯಬೇಕು.

ನನಗೆ ಕಲಿಸಿದ ಉಸ್ತಾದರು ಮೊದಲೇ ಹೇಳಿದ್ದರು. ಒಳಗೆ ಹೋದ ಕೂಡಲೇ ಕ್ಯಾಮೆರಾ ತೆಗೆಯಬೇಡ, ಮೊದಲು ಕೈ ಮುಗಿ. ಅಳುವವರನ್ನು ಸರಿಸಬೇಡ, ನೀನು ಸರಿ. ಎರಡೇ ಫೋಟೊ. ಒಂದು ಅವರದು, ಒಂದು ಮನೆಯವರೆಲ್ಲ ಸೇರಿ. ಅಳುವ ಹೆಣ್ಣುಮಕ್ಕಳ ಮುಖ ಹತ್ತಿರದಿಂದ ತೆಗೆಯಬೇಡ, ಯಾರೂ ಅದನ್ನು ಕೇಳಿಲ್ಲ. ದುಡ್ಡು ಅವತ್ತೇ ಕೇಳಬೇಡ, ಹದಿನೈದು ದಿನಕ್ಕೆ ತಾವೇ ತಂದುಕೊಡುತ್ತಾರೆ. ಕೊಡದವರು ಮೂವತ್ತೆರಡು ವರ್ಷದಲ್ಲಿ ಬಹುಶಃ ಇಬ್ಬರು.

ಆಗಿನ ನಮ್ಮ ಯಾಶಿಕಾ ಡಬ್ಬಿ ಕ್ಯಾಮೆರಾ. ಒಂದು ರೋಲಿಗೆ ಹನ್ನೆರಡೇ ಫೋಟೊ. ಎದೆಯ ಮುಂದೆ ಹಿಡಿದು ಮೇಲಿನಿಂದ ಒಳಗೆ ನೋಡಬೇಕು. ಅಂದರೆ ತಲೆ ಬಗ್ಗಿಸಲೇಬೇಕು, ಬೇರೆ ದಾರಿಯಿಲ್ಲ. ಒಮ್ಮೆ ಇಪ್ಪತ್ತಾರು ವರ್ಷದ ಹುಡುಗ, ಎಳೆ ಕೂಸು ಅವನ ತೊಡೆ ಮೇಲೆ. ಕೂಸಿಗೆ ಏನು ಗೊತ್ತು, ಅಪ್ಪನ ಹೂವಿನ ಸರ ಎಳೆಯುತ್ತಿತ್ತು. ನಾನು ಡಬ್ಬಿಯೊಳಗೆ ನೋಡುತ್ತಾ ಅಳುತ್ತಿದ್ದೆ. ತಲೆ ಬಗ್ಗಿಸಿದ್ದರಿಂದ ಯಾರಿಗೂ ಕಾಣಲಿಲ್ಲ. ಗಾಜಿನ ಮೇಲೆ ನೀರು ಬಿದ್ದು ಫೋಕಸ್ ಸಿಗಲಿಲ್ಲ, ಅಂಗಿಯಿಂದ ಒರೆಸಿ ಮತ್ತೆ ತೆಗೆದೆ. ಈಗ ಆ ಕೂಸಿಗೆ ಮದುವೆಯಾಗಿದೆ. ಅವರ ಮನೆಯಲ್ಲಿ ಆ ಫೋಟೊ ಇನ್ನೂ ಇದೆ.

ನನಗೆ ಎಂದೂ ಪಾಪಪ್ರಜ್ಞೆ ಕಾಡಿಲ್ಲ. ಅವರು ಕರೆದರು, ನಾನು ಹೋದೆ. ಕರೆಯದೆ ಹೋಗಿದ್ದರೆ ಕಾಡುತ್ತಿತ್ತೋ ಏನೋ. ನೀವು ಕರೆಯದೆ ಹೋದವರು, ಅದಕ್ಕೇ ಮುಜುಗರ. ಈಗಲಾದರೂ ಕೈ ಮುಗಿದು ಬನ್ನಿ. ಇನ್ನೊಂದು: ಬೀದರಿಗೆ ಬಂದವರೆಲ್ಲ ಮಹಮೂದ್ ಗವಾನನ ಮದರಸಾ ಮುಂದೆ ನಕ್ಕು ಫೋಟೊ ತೆಗೆಸಿಕೊಳ್ಳುತ್ತಾರೆ. 1472ರ ಕಟ್ಟಡ, ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಒಂದು ಕಡೆ ಹಾರಿಹೋಯಿತು. ಅದೂ ಯಾರದೋ ಕೆಟ್ಟ ದಿನವೇ. ಹಳೇದಾದರೆ ಯಾರಿಗೂ ಮುಜುಗರವಿಲ್ಲ ನೋಡಿ.

ಯಾದಗಿರಿಯಿಂದ, ಶಾಲೆ ಮೇಷ್ಟ್ರು:

ಮಕ್ಕಳ ವಿಷಯ ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ.

ನಮ್ಮ ತಾಂಡಾಗಳಿಂದ ಜನ ಬೆಂಗಳೂರು, ಮುಂಬೈ, ಪುಣೆ ಕಡೆ ಗುಳೆ ಹೋಗುತ್ತಾರೆ. ದೀಪಾವಳಿ ಮುಗಿದ ಮೇಲೆ ಯಾದಗಿರಿ ಸ್ಟೇಷನ್ನಿಗೆ ಬನ್ನಿ. ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಕಾಯುತ್ತಾ ಪ್ಲಾಟ್‌ಫಾರಂ ತುಂಬ ಗಂಟುಮೂಟೆ. ಒಲೆಯ ಕಲ್ಲು ಬಿಟ್ಟು ಎಲ್ಲವನ್ನೂ ಕಟ್ಟಿರುತ್ತಾರೆ. ಮೂಟೆ ಮೇಲೆ ಮಕ್ಕಳು ಮಲಗಿರುತ್ತವೆ. ಕ್ಯಾಮೆರಾ ಹಿಡಿದವರಿಗೆ ಅದಕ್ಕಿಂತ ಚೆಂದದ ಜಾಗ ಇಲ್ಲ.

ನನ್ನ ಐದನೇ ಕ್ಲಾಸಿನ ಹುಡುಗ ಒಬ್ಬ ಹಾಗೆ ಮಲಗಿದ್ದಾಗ ಯಾರೋ ತೆಗೆದರು. ಮೈಮೇಲೆ ನಮ್ಮ ಶಾಲೆ ಯೂನಿಫಾರ್ಮು. ಎರಡು ವರ್ಷ ಕಳೆದ ಮೇಲೆ ಯಾವುದೋ ಸಂಸ್ಥೆಯ ಪೋಸ್ಟರಿನಲ್ಲಿ ಅದೇ ಮುಖ. ಉದ್ದೇಶ ಒಳ್ಳೆಯದೇ, ಮಕ್ಕಳನ್ನು ಶಾಲೆಗೆ ಕಳಿಸಿ ಅಂತ. ಆದರೆ ಹುಡುಗ ಅಷ್ಟೊತ್ತಿಗೆ ತಾತನ ಹತ್ತಿರ ಉಳಿದು ನಮ್ಮಲ್ಲೇ ಏಳನೆಯದು ಓದುತ್ತಿದ್ದ, ದಿನಾ ಬರುತ್ತಿದ್ದ. ಉಳಿದ ಮಕ್ಕಳು ಅವನಿಗೆ 'ಪೋಸ್ಟರ್' ಅಂತಲೇ ಹೆಸರಿಟ್ಟರು. ಹನ್ನೊಂದು ದಿನ ಶಾಲೆಗೆ ಬರಲಿಲ್ಲ. ತಾಂಡಾಕ್ಕೆ ಹೋಗಿ ಕರೆದರೆ, 'ಸರ್, ನಾ ನಿದ್ದಿ ಮಾಡಿದ್ದು ಅವರಿಗ್ಯಾಕ ಬೇಕಿತ್ತರಿ?' ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಪೋಸ್ಟರ್ ತೆಗೆಸಿದೆ, ಅದಕ್ಕೆ ನಾಲ್ಕು ಸಲ ಅಲೆದಾಡಬೇಕಾಯಿತು.

2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಓದಿಕೊಳ್ಳಿ. ಸಂಕಷ್ಟದಲ್ಲಿರುವ, ರಕ್ಷಣೆ ಬೇಕಾದ ಮಗುವಿನ ಗುರುತು ಹೊರಬೀಳುವ ಹಾಗೆ ಫೋಟೊ, ಹೆಸರು, ಶಾಲೆ ಯಾವುದನ್ನೂ ಪ್ರಕಟಿಸುವಂತಿಲ್ಲ. ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಮಗು ನಿಜವಾಗಿ ತೊಂದರೆಯಲ್ಲಿದೆ ಅನ್ನಿಸಿದರೆ 1098ಕ್ಕೆ ಫೋನ್ ಮಾಡಿ.

ಕಲಬುರಗಿಯಿಂದ, ಪತ್ರಿಕೆಗೆ ಬರೆಯುವವರು:

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ಸ್ವಲ್ಪ ತಡೆಯಿರಿ. ಫೋಟೊ ಇಲ್ಲದಿದ್ದರೆ ನಮ್ಮ ಜಿಲ್ಲೆಯ ಕಷ್ಟ ಬೆಂಗಳೂರಿಗೆ ಕಾಣುವುದೇ ಇಲ್ಲ. ನಾನು ಎಷ್ಟೇ ಬರೆದರೂ ಒಳಪುಟದಲ್ಲಿ ನಾಲ್ಕು ಸಾಲು. ಫೋಟೊ ಇದ್ದರೆ ಮೊದಲ ಪುಟ. ಬೇಸಿಗೆಯಲ್ಲಿ 43, 44 ಡಿಗ್ರಿ ಬಿಸಿಲಿಗೆ ಹೆಣ್ಣುಮಕ್ಕಳು ಕೊಡ ತುಂಬಿದ ತಳ್ಳುಗಾಡಿ ನೂಕುವುದನ್ನು ತೆಗೆದು ಹಾಕಿದೆ, ಮೂರನೇ ದಿನಕ್ಕೆ ಟ್ಯಾಂಕರ್ ಬಂತು. ಅದಕ್ಕೂ ಮುಂಚೆ ಕೊಟ್ಟ ಎರಡು ಮನವಿ ಎಲ್ಲಿ ಹೋದವೋ.

ಆದರೂ ನಮ್ಮ ಕೆಲಸಕ್ಕೆ ಅಂಟಿದ ಒಂದು ಹಳೇ ಕತೆ ನಿಮಗೆ ಗೊತ್ತಿರಲಿ. 1936ರಲ್ಲಿ ಡೊರೊಥಿಯಾ ಲ್ಯಾಂಗ್ ಎಂಬಾಕೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಕೂಲಿ ತಾಯಿಯ ಫೋಟೊ ತೆಗೆದರು. ಬಟಾಣಿ ಬೆಳೆ ಹಾಳಾಗಿ ಕೆಲಸವಿಲ್ಲದೆ ಡೇರೆಯಲ್ಲಿ ಮಕ್ಕಳೊಂದಿಗೆ ಕೂತಿದ್ದಾಕೆ, ವಯಸ್ಸು 32. ನಮ್ಮ ಗುಳೆಯೇ ಅನ್ನಿ. ಪತ್ರಿಕೆಯಲ್ಲಿ ಬಂದ ಮೇಲೆ ಆ ಶಿಬಿರಕ್ಕೆ ಸರ್ಕಾರ 20,000 ಪೌಂಡ್, ಅಂದರೆ ಒಂಬತ್ತು ಟನ್ ಆಹಾರ ಕಳಿಸಿತು. ಆ ಹೊತ್ತಿಗೆ ಆಕೆ ಮಕ್ಕಳನ್ನು ಕಟ್ಟಿಕೊಂಡು ಮುಂದಿನ ಊರಿಗೆ ಹೋಗಿಯಾಗಿತ್ತು. ಲ್ಯಾಂಗ್ ಆಕೆಯ ಹೆಸರನ್ನೂ ಕೇಳಿರಲಿಲ್ಲ. ಹಾಗಂತ ತಾವೇ ಬರೆದುಕೊಂಡಿದ್ದಾರೆ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಲೋಕಕ್ಕೆ ಗೊತ್ತಾಗಿದ್ದು 1978ರಲ್ಲಿ. ಜಗತ್ತೆಲ್ಲ ಸುತ್ತಿದ ಫೋಟೊದಿಂದ ತನಗೆ ಒಂದು ಕಾಸೂ ಬರಲಿಲ್ಲ ಅಂತ ಆಕೆ ದೂರಿದರು. ಶಿಬಿರಕ್ಕೆ ಅನ್ನ ಬಂತು, ಆಕೆಗೆ ಮಾತ್ರ ಏನೂ ಬರಲಿಲ್ಲ. ಎರಡೂ ನಿಜ.

ನಾನು ರೂಢಿ ಮಾಡಿಕೊಂಡದ್ದು ಹೇಳುತ್ತೇನೆ. ರಸ್ತೆ ಅಪಘಾತವಾದರೆ ಮೊದಲು 108, ಆಮೇಲೆ ಕ್ಯಾಮೆರಾ. ಪೊಲೀಸ್, ಕೋರ್ಟು ಅಂತ ಹೆದರುವುದು ಬೇಡ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮು ನೆರವಿಗೆ ನಿಂತವರನ್ನು ಕಾಪಾಡುತ್ತದೆ, ಹೆಸರು ಹೇಳಲೇಬೇಕು ಅಂತಿಲ್ಲ. ಉಳಿದ ಕಡೆ, ತೆಗೆದ ಕೂಡಲೇ ಪರದೆಯ ಮೇಲೆ ಅವರಿಗೇ ತೋರಿಸುತ್ತೇನೆ. 'ಬ್ಯಾಡ' ಅಂದರೆ ಅವರ ಮುಂದೆಯೇ ಅಳಿಸುತ್ತೇನೆ. ಒಳ್ಳೊಳ್ಳೆಯ ಫೋಟೊ ಹಾಗೆ ಹೋಗಿವೆ, ಹೊಟ್ಟೆ ಉರಿಯುತ್ತದೆ, ಇಲ್ಲ ಅನ್ನಲ್ಲ.

ದುಡ್ಡು ಮಾತ್ರ ಕೊಡಬೇಡಿ. ಫೋಟೊಗೆ ಅಂತ ನೋಟು ಕೊಟ್ಟರೆ ಮುಂದಿನ ಕಾರಿಗೆ ಮಕ್ಕಳು ಅಳುವ ಮುಖ ಮಾಡಿ ನಿಲ್ಲುತ್ತವೆ.

ಅಫಜಲಪುರದವರು, ಮತ್ತೆ:

ಪತ್ರಿಕೆಯವರ ಈ ಮಾತು ನಾನು ಒಪ್ಪುವುದಿಲ್ಲ. ಬಹುಮಾನದ 3,000 ಆಕೆಯ ಮುಖಕ್ಕೆ ಬಂದದ್ದು. ಆಕೆಗೆ ಕೊಟ್ಟರೆ ಭಿಕ್ಷೆ ಹೇಗಾಗುತ್ತದೆ? ಕೊಡುವ ರೀತಿ ಇರುತ್ತದೆ. ಬ್ಯಾನರ್ ಹಿಡಿಯಬೇಡಿ, ಅಷ್ಟೆ. ನಮ್ಮಲ್ಲಿ ಮನೆಗೆ ಹೋದವರು ಮಕ್ಕಳ ಕೈಗೆ ಏನಾದರೂ ಇಟ್ಟೇ ಬರುತ್ತಾರೆ. ಅದರ ಜೊತೆ ಹೋಗಲಿ.

ಮೈಸೂರಿನವರ ಫೋಟೊ ಬಂದಿದೆ. ಹಿಂದಿನ ಗುಡಿಯ ಶಿಖರ ನೋಡಿ ಊರು ಗುರುತು ಸಿಕ್ಕಿತು. ನಮ್ಮಿಂದ ಮೂರನೇ ಊರು. ಆ ಊರಿಗೆ ಕೊಟ್ಟ ನಮ್ಮ ಅತ್ತೆ ಮಗಳು ಮನೆ ತೋರಿಸುತ್ತಾಳೆ. ಬರುವ ಮುಂಚೆ ಫೋನ್ ಮಾಡಿ.

ಕಲಬುರಗಿಯಿಂದ ಮೊದಲು ಬರೆದವರು:

ಮಲಗಿ ಅಂದಿದ್ದೆ, ತಪ್ಪಾಯಿತು. ಸ್ಟೇಷನ್ನಿನಿಂದ ಅಲ್ಲಿಗೆ ಹೋಗಲು ಗಾಡಿ ಬೇಕಾದರೆ ನನ್ನ ಬೈಕ್ ಇದೆ.

ಕೇಳಿದವರು, ಐದು ವಾರದ ಮೇಲೆ:

ಹೋಗಿ ಬಂದೆ. ಮೈಸೂರಿನಿಂದ ಬಸವ ಎಕ್ಸ್‌ಪ್ರೆಸ್ ಹಿಡಿದು ಕಲಬುರಗಿಯಲ್ಲಿ ಇಳಿದೆ. ಬೈಕ್ ಕೊಟ್ಟವರು ಮೊದಲು ಸುಸಲಾ-ಮಿರ್ಚಿ ತಿನ್ನಿಸಿಯೇ ಕಳಿಸಿದರು. ಎಂಟು ಬೈ ಹನ್ನೆರಡರ ಪ್ರಿಂಟ್ ರಟ್ಟಿನ ನಡುವೆ ಇಟ್ಟುಕೊಂಡಿದ್ದೆ.

ಮನೆ ಸಿಕ್ಕಿತು. ಬಿದ್ದ ಅರ್ಧಕ್ಕೆ ತಗಡು ಹೊಡೆದಿದ್ದಾರೆ. ಆಕೆ ಅಂಗಳದಲ್ಲಿ ತೊಗರಿ ಕೇರುತ್ತಿದ್ದರು. ನಾನು ಯಾರು ಅಂತ ಹೇಳಲು ಹತ್ತು ನಿಮಿಷ ಬೇಕಾಯಿತು. ನಾಲಿಗೆಯೇ ಹೊರಳುತ್ತಿರಲಿಲ್ಲ. ಕಡೆಗೆ ಪ್ರಿಂಟ್ ಕೊಟ್ಟೆ. ಮೊರ ಕೆಳಗಿಟ್ಟು, ಕೈ ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡರು. ತಮ್ಮ ಮುಖ ನೋಡಲೇ ಇಲ್ಲ. ಮೊದಲು ಜೋಳ ನೋಡಿದರು. 'ಆರು ಚೀಲ. ಒಂದೂ ದಕ್ಕಲಿಲ್ಲ, ಎಮ್ಮಿನೂ ಮೂಸಲಿಲ್ಲ' ಅಂದರು.

ಆಮೇಲೆ ನನ್ನನ್ನು ನೋಡಿ, 'ಆ ಬಿಳಿ ಕಾರಿನಾಗ ಇದ್ದಾಂವ ನೀನೇ ಏನು?' ಅಂದರು. ಹೌದು ಅಂದೆ. ನಿಮ್ಮ ಕಣ್ಣು ನನಗೆ ಮರೆಯಲು ಆಗಲಿಲ್ಲ, ನೀವು ಬೈದುಕೊಂಡಿರಿ ಅನ್ನಿಸಿತು ಅಂತೆಲ್ಲ ಹೇಳಿದೆ. ಆಕೆಗೆ ಅರ್ಥವೇ ಆಗಲಿಲ್ಲ. 'ಬೈಲಾಕ ಎಲ್ಲಿ ಪುರಸೊತ್ತು ತಮ್ಮಾ? ಚೀಲ ಒಬ್ಬಾಕಿಗೆ ಏಳತಿದ್ದಿಲ್ಲ. ಕಾರ್ ನಿಂತಿತಲ್ಲ, ಇಳಿತಿ, ಒಂದ್ ಬಾಜೂ ಹಿಡಿತಿ ಅಂತ ನೋಡಿದ್ದೆ' ಅಂದರು.

ಅಷ್ಟು ಜನ ಆ ಫೋಟೊ ನೋಡಿದ್ದೆವು. ಒಬ್ಬರಿಗೂ ಚೀಲ ಕಾಣಲಿಲ್ಲ.

3,000 ರೂಪಾಯಿ ಮೊಮ್ಮಗಳ ಕೈಗೆ ಕೊಟ್ಟೆ, ಪ್ರಿಂಟಿನ ಜೊತೆಗೇ, ಇದಕ್ಕೆ ಬಂದ ಬಹುಮಾನ ಅಂತ ಹೇಳಿ. ಆಕೆ ಬೇಡ ಅನ್ನಲಿಲ್ಲ. ಅಕ್ಕಪಕ್ಕದವರನ್ನು ಕರೆದು ತೋರಿಸಿದರು. 'ಇದರಾಗ ನಾ ದೆವ್ವದಂಗ ಇದ್ದೀನಿ, ಇನ್ನೊಂದು ತಗಿ' ಅಂತ ಒಳಗೆ ಹೋಗಿ ಹಸಿರು ಇಳಕಲ್ ಸೀರೆ ಉಟ್ಟು ಬಂದರು. ತಗಡಿನ ಮುಂದೆ ಬೇಡ, ಹೊಸ ಎಮ್ಮೆಯ ಪಕ್ಕ ನಿಲ್ಲುತ್ತೇನೆ ಅಂದರು. ಮೊಮ್ಮಗಳೂ ನಿಂತಳು. ಎಮ್ಮೆ ಎರಡು ಸಲ ತಲೆ ತಿರುಗಿಸಿತು, ಮೂರನೆಯದು ಸರಿ ಬಂತು. ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ ಉಂಡು ಹೊರಡುವಾಗ ಸಂಜೆ ಐದಾಗಿತ್ತು.

ಬಳಗದವರಿಗೆ ಫೋಟೊದ ಶೀರ್ಷಿಕೆ ಬದಲಿಸಲು ಹೇಳಿದ್ದೇನೆ. ಇನ್ನೂ ಒಪ್ಪಿಲ್ಲ, ನೋಡಬೇಕು.

ಹೊಸ ಫೋಟೊ ಈ ವಾರ ಕಳಿಸಬೇಕು. ಬೀದರಿನ ಸ್ಟುಡಿಯೊದವರು ಇನ್ನೂ ಇದನ್ನು ಓದುತ್ತಿದ್ದರೆ ಒಂದು ಮಾತು ಹೇಳಿ. ಗಾಜಿನ ಫ್ರೇಮ್ ಹಾಕಿಸಲಾ, ಬರೀ ಪ್ರಿಂಟ್ ಸಾಕಾ?

ಬೀದರಿನಿಂದ, ಹಿಂದೆ ಸ್ಟುಡಿಯೊ ಇಟ್ಟಿದ್ದವರು:

ಫ್ರೇಮ್ ಬೇಡ. ದಪ್ಪ ಲ್ಯಾಮಿನೇಷನ್ ಮಾಡಿಸಿ, ಅಂಚು ಅರ್ಧ ಇಂಚು ಬಿಟ್ಟು ಸೀಲ್ ಮಾಡಲು ಹೇಳಿ. ಮತ್ತೆ ನೀರು ಬಂದರೂ ರಾಡಿ ತೊಳೆದು ಇಟ್ಟುಕೊಳ್ಳುತ್ತಾರೆ.